ತಾತ, ಅಜ್ಜಿಯರನ್ನೂ ಪೋಷಕರೆಂದು ನೋಡುವ ಒಂದು ಮಕ್ಕಳ ಆರೈಕೆ ಕೇಂದ್ರ: ಮತ್ತಿಕೆರೆಯಲ್ಲಿ ಎರಡೂವರೆ ವರ್ಷದ ಅನುಭವ

ಬೆಂಗಳೂರಿನ ಮತ್ತಿಕೆರೆಯ ಜೆ.ಪಿ. ಪಾರ್ಕಿಗೆ ಸಮೀಪದ ಒಂದು ಅಡ್ಡರಸ್ತೆಯಲ್ಲಿ, ಮನೆಯೊಂದರ ಮೊದಲ ಮಹಡಿಯಲ್ಲಿ, ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ನೋಡಿಕೊಳ್ಳುವ ಒಂದು ಸಣ್ಣ ಕೇಂದ್ರವಿದೆ. ನಿವೃತ್ತ ಶಿಕ್ಷಕಿಯೊಬ್ಬರು ಮತ್ತು ಬ್ಯಾಂಕಿನಿಂದ ನಿವೃತ್ತರಾದ ಅವರ ಯಜಮಾನರು ಅದನ್ನು ನಡೆಸುತ್ತಾರೆ. ಇಬ್ಬರು ಸಹಾಯಕಿಯರಿದ್ದಾರೆ, ಮಕ್ಕಳು ಇಪ್ಪತ್ತೆರಡು. ಇರುವ ಜಾಗದಲ್ಲಿ ಇದಕ್ಕಿಂತ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳಲು ಆಗುವುದಿಲ್ಲ, ದಯವಿಟ್ಟು ಹೆಸರು ಬರೆಯಬೇಡಿ ಎಂದು ಅವರು ಕೇಳಿಕೊಂಡಿರುವುದರಿಂದ ಹೆಸರನ್ನು ಬಿಟ್ಟಿದ್ದೇನೆ. ಆ ಕಡೆ ವಾಸವಾಗಿರುವವರು ಅಂಗಡಿಯವರನ್ನು ಕೇಳಿದರೆ ದಾರಿ ತೋರಿಸುತ್ತಾರೆ. ನನ್ನ ಮೊಮ್ಮಗಳು 2023ರ ಜೂನ್‌ನಿಂದ ಅಲ್ಲಿಗೆ ಹೋಗುತ್ತಿದ್ದಾಳೆ. ಆಗ ಎರಡನೆಯ ತರಗತಿ, ಈಗ ನಾಲ್ಕನೆಯದು.

ಈ ವಿಮರ್ಶೆಯನ್ನು ನಾನು ಮುಖ್ಯವಾಗಿ ಬರೆಯುತ್ತಿರುವುದು ನನ್ನಂಥವರಿಗಾಗಿ, ಎಂದರೆ ಮಕ್ಕಳನ್ನು ಬೆಳೆಸಿ ಮುಗಿಸಿ, ಅರವತ್ತು ದಾಟಿದ ಮೇಲೆ ಮೊಮ್ಮಕ್ಕಳ ಪೂರ್ತಿ ಜವಾಬ್ದಾರಿಯನ್ನು ಮತ್ತೊಮ್ಮೆ ಹೊತ್ತುಕೊಂಡಿರುವ ತಾತ, ಅಜ್ಜಿಯರಿಗಾಗಿ. ಮಗ ಸೊಸೆ ಕೆಲಸಕ್ಕೆ ಹೋದಾಗ ಸಂಜೆಯವರೆಗೆ ಮಗುವನ್ನು ನೋಡಿಕೊಳ್ಳುವುದು ಒಂದು. ರಾತ್ರಿ ಜ್ವರ ಬಂದರೆ ಎಬ್ಬಿಸಿ ಕೇಳಲು ಮನೆಯಲ್ಲಿ ಬೇರೆ ಯಾರೂ ಇಲ್ಲದಿರುವುದು ಇನ್ನೊಂದು. ನನ್ನ ಮಗಳು 2021ರಲ್ಲಿ ಕಾಯಿಲೆಯಿಂದ ತೀರಿಕೊಂಡಳು. ಅಳಿಯ ಮತ್ತೊಂದು ಮದುವೆಯಾಗಿ ಬೇರೆ ಊರಿನಲ್ಲಿದ್ದಾರೆ. ಅವರನ್ನು ದೂರುವ ಮನಸ್ಸು ನನಗಿಲ್ಲ, ಕರೆದಾಗ ಬಂದು ಸಹಿ ಹಾಕಿ ಹೋಗಿದ್ದಾರೆ. ಆದರೆ ಪುಟ್ಟಿ ನಮ್ಮೊಂದಿಗೇ ಇರುವುದು. ನನಗೆ ಅರವತ್ತೇಳು, ನಮ್ಮ ಯಜಮಾನರಿಗೆ ಎಪ್ಪತ್ತಮೂರು, ಅವರಿಗೆ ಸಕ್ಕರೆ ಕಾಯಿಲೆ ಮತ್ತು ಮಂಡಿ ನೋವು.

ಈ ಕೇಂದ್ರದ ಬೆಲೆ ಗೊತ್ತಾಗಬೇಕಾದರೆ ಇದಕ್ಕೆ ಮುಂಚೆ ನಾವು ಸೇರಿಸಿದ್ದ ದೊಡ್ಡ ಡೇ ಕೇರ್ ಒಂದರ ವಿಷಯ ಹೇಳಬೇಕು. ಅಲ್ಲಿ ಕಟ್ಟಡ ಚೆನ್ನಾಗಿತ್ತು, ಎಸಿ ಇತ್ತು, ಬಾಗಿಲಲ್ಲಿ ಕ್ಯಾಮೆರಾ ಇತ್ತು. ಸೇರಿಸುವ ಅರ್ಜಿಯಲ್ಲಿ ತಂದೆಯ ಹೆಸರು, ತಾಯಿಯ ಹೆಸರು, ಇಬ್ಬರ ಉದ್ಯೋಗ, ಇಬ್ಬರ ಮೊಬೈಲ್ ಸಂಖ್ಯೆ ಎಂಬ ಜಾಗಗಳಿದ್ದವು. ನನ್ನ ಹೆಸರು ಬರೆಯಲು ಇದ್ದ ಒಂದೇ ಜಾಗ 'ಮಗುವನ್ನು ಕರೆದೊಯ್ಯಲು ಬರುವ ಇತರರು' ಎಂಬ ಕೊನೆಯ ಸಾಲು, ಅದೂ ಡ್ರೈವರ್, ಆಯಾ ಇವರ ಜೊತೆಯಲ್ಲಿ. ತಾಯಿಯ ಮೊಬೈಲ್ ಸಂಖ್ಯೆಯ ಜಾಗವನ್ನು ನಾನು ಖಾಲಿ ಬಿಟ್ಟಾಗ, ಅದನ್ನು ತುಂಬದಿದ್ದರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ ಎಂದು ಕೌಂಟರಿನ ಹುಡುಗಿ ಹೇಳಿದಳು. ಪಾಪ, ಅವಳ ತಪ್ಪೇನೂ ಇರಲಿಲ್ಲ. ತೀರಿಹೋದ ಮಗಳ ಹಳೆಯ ನಂಬರನ್ನೇ ಬರೆದು ಬಂದೆ. ದಿನವೂ ಮಗು ಏನು ತಿಂದಿತು, ಏನು ಕಲಿತಿತು ಎಂಬ ಸಂದೇಶಗಳು ಆಪ್‌ನಲ್ಲಿ ಬರುತ್ತಿದ್ದವು. ಆಪ್ ತೆರೆಯಲು ಒಟಿಪಿ ಬೇಕು, ಒಟಿಪಿ ಹೋಗುತ್ತಿದ್ದುದು ಆ ನಿಂತುಹೋದ ನಂಬರಿಗೆ. ಎಂಟು ತಿಂಗಳಲ್ಲಿ ಒಂದು ದಿನವೂ ನಾನು ಅದನ್ನು ತೆರೆದು ನೋಡಲಾಗಲಿಲ್ಲ.

ಈಗಿನ ಕೇಂದ್ರದ ಅರ್ಜಿ ಒಂದೇ ಹಾಳೆ, ಕನ್ನಡದಲ್ಲಿ. ಅದರ ಮೊದಲ ಸಾಲು 'ಮಗು ಯಾರ ಜೊತೆ ವಾಸವಾಗಿದೆ?' ಎಂದು. ಎರಡನೆಯದು 'ರಾತ್ರಿ ಎಷ್ಟು ಹೊತ್ತಿಗೆ ಬೇಕಾದರೂ ಯಾರಿಗೆ ಫೋನ್ ಮಾಡಬಹುದು?' ಮೂರನೆಯದು 'ಮಗುವಿನ ಮುಂದೆ ನಾವು ಮಾತನಾಡಬಾರದ ವಿಷಯ ಏನಾದರೂ ಇದೆಯೇ?' ಆ ಮೂರನೆಯ ಸಾಲನ್ನು ಓದಿ ಪೆನ್ನು ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದೆ. ಟೀಚರ್ ಒಂದು ಲೋಟ ನೀರು ತಂದಿಟ್ಟು, "ಈಗಲೇ ಬರೀಬೇಕು ಅಂತೇನಿಲ್ಲ ಅಮ್ಮ, ಮನೆಗೆ ತಗೊಂಡು ಹೋಗಿ" ಎಂದರು. ಆಪ್ ಇಲ್ಲ. ನೂರು ಪುಟದ ಒಂದು ನೋಟ್‌ಪುಸ್ತಕ ಮಗುವಿನ ಚೀಲದಲ್ಲಿ ಹೋಗಿ ಬರುತ್ತದೆ, ಅದರಲ್ಲಿ ಪ್ರತಿ ಸಂಜೆ ಎರಡು ಮೂರು ಸಾಲು ಬರೆದಿರುತ್ತಾರೆ. ತುರ್ತು ಏನಾದರೂ ಇದ್ದರೆ ಫೋನ್ ಮಾಡುತ್ತಾರೆ. ನಮ್ಮ ವಯಸ್ಸಿನವರಿಗೆ ಇದಕ್ಕಿಂತ ಉತ್ತಮವಾದ ವ್ಯವಸ್ಥೆ ಇನ್ನೊಂದಿಲ್ಲ ಎಂದು ನನ್ನ ಖಚಿತ ಅಭಿಪ್ರಾಯ.

ಪಾಠದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಮೊಮ್ಮಕ್ಕಳನ್ನು ಸಾಕುವವರು ಹೆಚ್ಚು ಸೋಲುವುದು ಇಲ್ಲಿಯೇ. ನಾನು ಜಾಲಹಳ್ಳಿಯ ಎಚ್‌ಎಂಟಿ ಗಡಿಯಾರ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿ ಕೆಲಸ ಮಾಡಿದವಳು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೂದಲಿಗಿಂತ ತೆಳುವಾದ ಸ್ಪ್ರಿಂಗನ್ನು ಚಿಮಟದಲ್ಲಿ ಹಿಡಿದು ಕೂರಿಸಿದ ಕೈ ನನ್ನದು. ಎರಡನೆಯ ತರಗತಿಯ ಲೆಕ್ಕ ನನಗೆ ಕಷ್ಟವಾಗುತ್ತದೆಂದು ಎಂದೂ ಅಂದುಕೊಂಡಿರಲಿಲ್ಲ. ಐವತ್ತೆರಡರಲ್ಲಿ ಇಪ್ಪತ್ತೇಳು ಕಳೆಯಬೇಕಿತ್ತು. ಎರಡರಲ್ಲಿ ಏಳು ಹೋಗುವುದಿಲ್ಲ, ಪಕ್ಕದ ಮನೆಯಿಂದ ಒಂದು ಸಾಲ ತೆಗೆದುಕೋ ಎಂದು ನನಗೆ ಹೇಳಿಕೊಟ್ಟಿದ್ದಂತೆಯೇ ಹೇಳಿಕೊಟ್ಟೆ. "ಅಜ್ಜಿ, ಸಾಲ ತಗೊಂಡ್ರೆ ವಾಪಸ್ ಕೊಡಬೇಕಲ್ವಾ? ಯಾವಾಗ ಕೊಡೋದು?" ಎಂದು ಪುಟ್ಟಿ ಕೇಳಿದಳು. ನನಗೆ ಉತ್ತರ ತಿಳಿಯಲಿಲ್ಲ. "ಮಿಸ್ ಹೀಗೆ ಹೇಳಿಕೊಟ್ಟಿಲ್ಲ, ನಿಂಗೆ ಗೊತ್ತಾಗಲ್ಲ ಬಿಡು" ಎಂದು ಪುಸ್ತಕ ಮುಚ್ಚಿದಳು. ಮಗುವಿನ ಬಾಯಲ್ಲಿ ಆ ಮಾತು ಬಂದ ದಿನದಿಂದ ಅವಳು ನನ್ನ ಹತ್ತಿರ ಲೆಕ್ಕ ತರುವುದನ್ನೇ ನಿಲ್ಲಿಸಿದಳು.

ಆ ಕೇಂದ್ರದಲ್ಲಿ ತಿಂಗಳ ಮೊದಲ ಶನಿವಾರ ಬೆಳಗ್ಗೆ ಒಂದು ಗಂಟೆ ದೊಡ್ಡವರಿಗೆ ಪಾಠವಿರುತ್ತದೆ. ಅಪ್ಪ ಅಮ್ಮಂದಿರೂ ಬರಬಹುದು, ಆದರೆ ಬರುವವರಲ್ಲಿ ನಾವೇ ಹೆಚ್ಚು. ನಾನು ಹೋದ ಮೊದಲ ದಿನ ನಾಲ್ವರು ಅಜ್ಜಿಯರು, ಇಬ್ಬರು ತಾತಂದಿರು ಇದ್ದರು. ಟೀಚರ್ ಊದುಬತ್ತಿ ಕಡ್ಡಿಗಳನ್ನು ಹತ್ತು ಹತ್ತರ ಕಟ್ಟು ಕಟ್ಟಿ ರಬ್ಬರ್ ಬ್ಯಾಂಡ್ ಹಾಕಿದ್ದರು. ಐದು ಕಟ್ಟು, ಎರಡು ಬಿಡಿ ಕಡ್ಡಿ ನನ್ನ ಮುಂದಿಟ್ಟು ಏಳು ಬಿಡಿ ಕಡ್ಡಿ ಕೊಡಿ ಎಂದರು. ನಾನೇ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದೆ. ನಾಲ್ಕು ಕಟ್ಟು, ಹನ್ನೆರಡು ಕಡ್ಡಿ. ಏಳು ಕೊಟ್ಟರೆ ಐದು ಉಳಿಯಿತು, ಎರಡು ಕಟ್ಟು ಕೊಟ್ಟರೆ ಎರಡು ಉಳಿಯಿತು. ಸಾಲವೇ ಇಲ್ಲ, ನಮ್ಮದೇ ಕಟ್ಟನ್ನು ನಾವು ಬಿಚ್ಚಿಕೊಂಡದ್ದು. ಅರವತ್ತು ವರ್ಷ ಸರಿಯಾದ ಉತ್ತರ ಬರೆದುಕೊಂಡು ಬಂದವಳಿಗೆ ಅದು ಏಕೆ ಸರಿ ಎಂಬುದು ಅಂದು ಕೈಗೆ ಸಿಕ್ಕಿತು. ಆ ಸಂಜೆ ಪುಟ್ಟಿಗೆ ಕಡ್ಡಿಗಳನ್ನು ತೋರಿಸಿದೆ. "ಅಯ್ಯೋ, ನಿಂಗೂ ಹೇಳಿಕೊಟ್ರಾ?" ಎಂದು ಪಕ್ಕಕ್ಕೆ ಬಂದು ಕುಳಿತಳು. ಬೇರೆ ಕಡೆ ಮಗುವಿಗೆ ಮಾತ್ರ ಪಾಠ ಹೇಳಿ ಕಳಿಸುತ್ತಾರೆ. ಇಲ್ಲಿ ಮಗುವಿನೊಂದಿಗೆ ನಮಗೂ ಹೇಳಿಕೊಡುವುದರಿಂದ ಮನೆಯಲ್ಲಿ ನಮ್ಮ ಮಾತಿಗೆ ತೂಕ ಉಳಿದುಕೊಳ್ಳುತ್ತದೆ. ಇದಕ್ಕೆ ಪ್ರತಿಯಾಗಿ, ಪುಟ್ಟಿ ಮೂರನೆಯ ತರಗತಿಯಲ್ಲಿದ್ದಾಗ, ಮುಳ್ಳಿನ ಗಡಿಯಾರ ನೋಡುವುದನ್ನು ಕೇಂದ್ರದ ಎಲ್ಲ ಮಕ್ಕಳಿಗೂ ಕಲಿಸಲು ನನ್ನನ್ನು ಕರೆದರು. ನನ್ನ ಹಳೆಯ ಕೀಲಿ ಗಡಿಯಾರದ ಹಿಂಬದಿಯನ್ನು ಬಿಚ್ಚಿ ತೋರಿಸಿದಾಗ ಇಪ್ಪತ್ತೆರಡು ಮಕ್ಕಳೂ ಉಸಿರು ಬಿಗಿಹಿಡಿದು ನೋಡಿದವು.

ಕಾಗದಪತ್ರದ ಸಹಾಯ ಈ ಕೇಂದ್ರದ ಎರಡನೆಯ ದೊಡ್ಡ ಗುಣ. ಟೀಚರ್ ಅವರ ಯಜಮಾನರು ಶನಿವಾರಗಳಲ್ಲಿ ಪಾಠವಾದ ಮೇಲೆ ಕುಳಿತು, ಯಾರು ಯಾವ ಕಾಗದ ತಂದರೂ ಓದಿ ಹೇಳುತ್ತಾರೆ. ಇದಕ್ಕೆ ಶುಲ್ಕವಿಲ್ಲ. ನನ್ನದೇ ಉದಾಹರಣೆ ಕೊಡುತ್ತೇನೆ, ಇದು ಇನ್ನೂ ಹಲವರಿಗೆ ಎದುರಾಗಿರಬಹುದು. ಪುಟ್ಟಿಗೆ ಮೂರು ವರ್ಷವಿದ್ದಾಗ ನಾನು ಅಂಚೆ ಕಚೇರಿಯಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದಿದ್ದೆ, ಪಾಲಕಿ ಎಂದು ನನ್ನ ಹೆಸರೇ ಇತ್ತು. ಕೇಂದ್ರ ಹಣಕಾಸು ಸಚಿವಾಲಯ 2024ರ ಆಗಸ್ಟ್‌ನಲ್ಲಿ ಹೊರಡಿಸಿ ಅಕ್ಟೋಬರ್ 1ರಿಂದ ಜಾರಿಗೆ ತಂದ ಸೂಚನೆಯ ಪ್ರಕಾರ, ಕಾನೂನುಬದ್ಧ ಪಾಲಕರಲ್ಲದ ಅಜ್ಜ ಅಜ್ಜಿಯರು ತೆರೆದ ಇಂಥ ಖಾತೆಗಳ ಪಾಲಕತ್ವವನ್ನು ಬದುಕಿರುವ ತಂದೆ ಅಥವಾ ತಾಯಿಗೆ, ಇಲ್ಲವೇ ನ್ಯಾಯಾಲಯ ನೇಮಿಸಿದ ಪಾಲಕರಿಗೆ ವರ್ಗಾಯಿಸಬೇಕು. ವಿಷಯ ಕೇಳಿದಾಗ, ಪಿಂಚಣಿಯಲ್ಲಿ ಉಳಿಸಿ ಕಟ್ಟಿದ ದುಡ್ಡು ಕೈತಪ್ಪಿತೆಂದು ರಾತ್ರಿ ನಿದ್ದೆ ಬರಲಿಲ್ಲ. ಟೀಚರ್ ಅವರ ಯಜಮಾನರು ಸೂಚನೆಯನ್ನು ಸಾಲು ಸಾಲಾಗಿ ಓದಿ, ಹಣ ಯಾವತ್ತಿದ್ದರೂ ಮಗುವಿನ ಹೆಸರಿನದೇ, ಬದಲಾಗುವುದು ಪಾಲಕರ ಹೆಸರು ಮಾತ್ರ, ಹದಿನೆಂಟು ತುಂಬಿದ ಮೇಲೆ ಅವಳೇ ಖಾತೆ ನಡೆಸುತ್ತಾಳೆ ಎಂದು ಬಿಡಿಸಿ ಹೇಳಿದರು. ಅಳಿಯನಿಗೆ ಏನೆಂದು ಫೋನ್ ಮಾಡಬೇಕು, ಯಾವ ಯಾವ ಗುರುತಿನ ಚೀಟಿ ತರಲು ಹೇಳಬೇಕು ಎಂಬುದನ್ನೂ ಬರೆದುಕೊಟ್ಟರು. ಅಳಿಯ ಬಂದರು, ಅಂಚೆ ಕಚೇರಿಯಲ್ಲಿ ಒಂದೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಪಾಸ್‌ಪುಸ್ತಕ ಈಗಲೂ ನನ್ನ ಬೀರುವಿನಲ್ಲೇ ಇದೆ.

ಮೊಮ್ಮಕ್ಕಳನ್ನು ಸಾಕುತ್ತಿರುವ ನಮಗೆ ಕಾನೂನಿನಲ್ಲಿ ಇರುವ ಸ್ಥಾನವೇನು ಎಂಬುದೂ ನನಗೆ ತಿಳಿದದ್ದು ಆ ಶನಿವಾರಗಳಲ್ಲಿಯೇ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾನೂನಿನಲ್ಲಿ ಸಹಜ ಪಾಲಕರೆಂದರೆ ತಂದೆ ಮತ್ತು ತಾಯಿ. ಎಷ್ಟು ವರ್ಷ ಸಾಕಿದರೂ ತಾತ, ಅಜ್ಜಿ ತಾವಾಗಿಯೇ ಆ ಸಾಲಿಗೆ ಸೇರುವುದಿಲ್ಲ. ಪಾಲಕತ್ವ ಬೇಕಾದರೆ 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಕೆಳಗೆ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ತಂದೆ ಬದುಕಿದ್ದರೆ ಅವರ ನಿಲುವನ್ನೂ ನ್ಯಾಯಾಲಯ ನೋಡುತ್ತದೆ. ವಕೀಲರಿಗೆ ಕೊಡಲು ಹಣವಿಲ್ಲವೆಂದು ಹೆದರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ 12ನೆಯ ಕಲಮಿನ ಪ್ರಕಾರ ಹೆಂಗಸರಿಗೂ ಮಕ್ಕಳಿಗೂ ಉಚಿತ ಕಾನೂನು ನೆರವು ಹಕ್ಕಿನಿಂದಲೇ ಸಿಗುತ್ತದೆ, 15100 ಸಂಖ್ಯೆಗೆ ಕರೆ ಮಾಡಿ ಕೇಳಬಹುದು. ಅಹಮದಾಬಾದಿನಲ್ಲಿ ಕೋವಿಡ್‌ನಿಂದ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಹುಡುಗನೊಬ್ಬನನ್ನು ಗುಜರಾತ್ ಹೈಕೋರ್ಟ್ ಅವನ ತಾಯಿಯ ಸಹೋದರಿಯ ವಶಕ್ಕೆ ಕೊಟ್ಟಿತ್ತು. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ತಂದೆಯ ತಂದೆ ತಾಯಿಯ ವಶಕ್ಕೆ ಕೊಟ್ಟಿತು. ಆಕೆ ವಯಸ್ಸಿನಲ್ಲಿ ಚಿಕ್ಕವರು, ವರಮಾನ ಹೆಚ್ಚು ಎಂಬ ಕಾರಣಕ್ಕೆ ಅಜ್ಜ ಅಜ್ಜಿ ಚೆನ್ನಾಗಿ ನೋಡಿಕೊಳ್ಳಲಾರರು ಎಂದು ತೀರ್ಮಾನಿಸಲಾಗದು ಎಂಬುದು ಆ ತೀರ್ಪಿನ ಸಾರ. ನಾನು ತಾಯಿಯ ಕಡೆಯ ಅಜ್ಜಿ, ನಮ್ಮ ಪರಿಸ್ಥಿತಿಯೂ ಬೇರೆ. ಆದರೂ ನಮ್ಮ ವಯಸ್ಸನ್ನೇ ಅಪರಾಧವೆಂಬಂತೆ ನೋಡುವವರ ನಡುವೆ ಆ ಮಾತು ನನಗೆ ಬಹಳ ಧೈರ್ಯ ಕೊಟ್ಟಿತು.

ಶುಲ್ಕ ತಿಂಗಳಿಗೆ 3,400 ರೂಪಾಯಿ, ಸಂಜೆಯ ತಿಂಡಿ ಸೇರಿ. ನಮ್ಮಂಥ ಮನೆಗೆ ಇದು ಸಣ್ಣ ಮೊತ್ತವಲ್ಲ. ಕಾರ್ಖಾನೆಗಳಲ್ಲಿ ದುಡಿದವರ ಇಪಿಎಸ್ (ನೌಕರರ ಪಿಂಚಣಿ ಯೋಜನೆ) ಪಿಂಚಣಿಯ ಕನಿಷ್ಠ ಮೊತ್ತ 2014ರಲ್ಲಿ ಸಾವಿರ ರೂಪಾಯಿ ಎಂದು ನಿಗದಿಯಾದದ್ದು. ನನಗೂ ನಮ್ಮ ಯಜಮಾನರಿಗೂ ಬರುವ ಪಿಂಚಣಿ ಸೇರಿಸಿದರೂ ಐದು ಸಾವಿರ ಮುಟ್ಟುವುದಿಲ್ಲ. ಕೆಳಗಿನ ಒಂದು ಕೋಣೆಯ ಬಾಡಿಗೆಯಿಂದ ಮನೆ ನಡೆಯುತ್ತದೆ. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ನಾನು ಪೂರ್ತಿಯಾಗಿ ಈ ಶುಲ್ಕಕ್ಕೆಂದೇ ಎತ್ತಿಡುತ್ತೇನೆ. ಕೈ ಬಿಗಿಯಾದ ತಿಂಗಳು ಎರಡು ಕಂತಿನಲ್ಲಿ ಕೊಟ್ಟಿದ್ದೇನೆ, ಅವರು ಒಮ್ಮೆಯೂ ಮುಖ ಸಣ್ಣದು ಮಾಡಿಕೊಂಡಿಲ್ಲ.

ತಿಂಡಿ ಚೆನ್ನಾಗಿರುತ್ತದೆ: ಒಗ್ಗರಣೆ ಅವಲಕ್ಕಿ, ಕಡಲೆಕಾಳು ಉಸಲಿ, ಬುಧವಾರ ಚಪಾತಿ ಪಲ್ಯ, ಯಾವುದಾದರೊಂದು ಹಣ್ಣು. ಬಿಸ್ಕತ್ತಿನ ಪೊಟ್ಟಣ ಕೊಟ್ಟು ಕೈತೊಳೆದುಕೊಳ್ಳುವುದಿಲ್ಲ.

ಮಕ್ಕಳ ಮನಸ್ಸನ್ನು ನೋಡಿಕೊಳ್ಳುವುದರಲ್ಲಿ ಇವರಿಗಿರುವ ಸೂಕ್ಷ್ಮತೆಗೆ ಒಂದು ಪ್ರಸಂಗ ಸಾಕು. ಕಳೆದ ವರ್ಷ ಹೊಸದಾಗಿ ಸೇರಿದ ಹುಡುಗನೊಬ್ಬ, "ನಿಮ್ಮಮ್ಮ ಯಾಕೆ ಒಂದಿನಾನೂ ಬರಲ್ಲ?" ಎಂದು ಪುಟ್ಟಿಯನ್ನು ಕೇಳಿದನಂತೆ. ನೋಟ್‌ಪುಸ್ತಕದಲ್ಲಿ ಅಂದು ಸಂಜೆ ಹೀಗೆ ಬರೆದಿತ್ತು: 'ಇವತ್ತು ಅಮ್ಮನ ವಿಷಯ ಬಂತು. ಪುಟ್ಟಿ ತಾನೇ ಉತ್ತರ ಹೇಳಿದಳು, ಅಳಲಿಲ್ಲ. ರಾತ್ರಿ ಕೇಳಿದರೆ ಮಾತಾಡಿ, ಕೇಳದಿದ್ದರೆ ಸುಮ್ಮನಿರಿ.' ರಾತ್ರಿ ಹಾಸಿಗೆ ಹಾಸುವಾಗ ಅವಳು ಕೇಳಿದಳು, ಅಮ್ಮನಿಗೆ ಯಾವ ತಿಂಡಿ ಇಷ್ಟ ಇತ್ತು ಎಂದು. ಮೊದಲೇ ಗೊತ್ತಿದ್ದುದರಿಂದ ನಾನು ಗಾಬರಿಯಾಗದೆ ಹೇಳಿದೆ, ಅಕ್ಕಿರೊಟ್ಟಿ, ಅದೂ ಸಬ್ಬಸಿಗೆ ಸೊಪ್ಪು ಹಾಕಿದ್ದು. ಆ ಎರಡು ಸಾಲು ಇಲ್ಲದಿದ್ದರೆ ನಾನು ಖಂಡಿತ ಮಾತು ಮರೆಸಿಬಿಡುತ್ತಿದ್ದೆ. ಮಗಳನ್ನು ಕಳೆದುಕೊಂಡ ತಾಯಿ ಮತ್ತು ತಾಯಿಯನ್ನು ಕಳೆದುಕೊಂಡ ಮಗು ಒಂದೇ ಮನೆಯಲ್ಲಿದ್ದಾಗ, ಒಬ್ಬರಿಗೆ ನೋವಾದೀತೆಂದು ಇನ್ನೊಬ್ಬರು ಬಾಯಿ ಮುಚ್ಚಿಕೊಂಡೇ ವರ್ಷಗಳನ್ನು ಕಳೆದುಬಿಡುತ್ತಾರೆ. ನಮ್ಮ ಮನೆಯಲ್ಲಿ ಆಗುತ್ತಿದ್ದುದು ಅದೇ.

2024ರ ಆಗಸ್ಟ್‌ನಲ್ಲಿ ನನ್ನ ಬಲಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆ ಆಯಿತು. ಭಾರ ಎತ್ತಬಾರದು, ಬಗ್ಗಬಾರದು, ಒಲೆಯ ಹೊಗೆ ತಾಗಬಾರದು, ಎರಡೆರಡು ಗಂಟೆಗೆ ಔಷಧದ ಹನಿ ಹಾಕಿಕೊಳ್ಳಬೇಕು ಎಂದಿದ್ದರು. ನಮ್ಮ ಯಜಮಾನರಿಗೆ ಮಗುವನ್ನು ಸ್ನಾನಕ್ಕೆ ಕಳಿಸಿ, ಜಡೆ ಹಾಕಿ, ಬಡಿಸಿ ಗೊತ್ತಿಲ್ಲ. ಈ ಕಾರಣಕ್ಕೇ ನಾನು ಒಂದು ವರ್ಷ ಚಿಕಿತ್ಸೆಯನ್ನು ಮುಂದಕ್ಕೆ ಹಾಕಿದ್ದೆ. ಮೊಮ್ಮಕ್ಕಳನ್ನು ಸಾಕುವವರೆಲ್ಲ ತಮ್ಮ ದೇಹದ ಕೆಲಸವನ್ನು ಹೀಗೆ ಮುಂದಕ್ಕೆ ಹಾಕುತ್ತಲೇ ಇರುತ್ತಾರೆ, ಮತ್ತು ಅದರ ಬೆಲೆಯನ್ನು ಕೊನೆಗೆ ಮಗುವೇ ತೆರಬೇಕಾಗುತ್ತದೆ. ಟೀಚರ್ ಹತ್ತು ದಿನ ಪುಟ್ಟಿಯನ್ನು ರಾತ್ರಿ ಎಂಟರವರೆಗೆ ಇಟ್ಟುಕೊಂಡು, ಊಟ ಮಾಡಿಸಿ, ಮರುದಿನಕ್ಕೆ ಎರಡು ಜಡೆ ಬಿಗಿಯಾಗಿ ಹೆಣೆದು ಕಳಿಸಿದರು. ಹೆಚ್ಚಿಗೆ ಹಣ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಹೀಗೆ ಮಾಡಲು ಅವರಿಗೆ ಆಗುತ್ತದೆಂದು ನಾನು ಹೇಳಲಾರೆ, ಯಾರೂ ಅದನ್ನು ಹಕ್ಕೆಂದು ಕೇಳಬಾರದು. ನಡೆದದ್ದನ್ನು ಹೇಳುತ್ತಿದ್ದೇನೆ ಅಷ್ಟೆ.

ಕೊರತೆಗಳೂ ಇವೆ, ಅವನ್ನು ಅವರ ಎದುರಿಗೇ ಹೇಳಿದ್ದೇನೆ. ಮೆಟ್ಟಿಲು ಹದಿನೆಂಟು, ಕಡಿದಾದವು, ಒಂದು ಬದಿಗೆ ಮಾತ್ರ ಹಿಡಿಕಂಬಿ. ಇಳಿಯುವಾಗ ಅದು ಎಡಗೈಗೆ ಬರುತ್ತದೆ. ನಮ್ಮ ಯಜಮಾನರು ಎರಡೂವರೆ ವರ್ಷದಲ್ಲಿ ಒಮ್ಮೆಯೂ ಮೇಲೆ ಹತ್ತಿಲ್ಲ, ಕೆಳಗೆ ಗೇಟಿನ ಬಳಿಯೇ ನಿಂತು ಕೂಗುತ್ತಾರೆ. ತಾತ, ಅಜ್ಜಿಯರನ್ನು ಇಷ್ಟು ಯೋಚಿಸಿ ನಡೆಸಿಕೊಳ್ಳುವವರು ಇನ್ನೊಂದು ಕಂಬಿ ಹಾಕಿಸಲು, ಗೇಟಿನ ಬಳಿ ಒಂದು ಬೆಂಚು ಇಡಲು ಇಷ್ಟು ತಡ ಮಾಡಬಾರದಿತ್ತು. ಸಂಜೆ ಆರೂವರೆಗೆ ಮುಚ್ಚುತ್ತಾರೆ; ಮಳೆಗಾಲದಲ್ಲಿ ಬಸ್ಸು ಯಶವಂತಪುರದ ಬಳಿಯೇ ನಿಂತುಬಿಟ್ಟರೆ ಎದೆ ಹೊಡೆದುಕೊಳ್ಳುತ್ತದೆ. ದಸರಾ ರಜೆಯಲ್ಲಿ ಹತ್ತು ದಿನ ಪೂರ್ತಿ ಮುಚ್ಚಿರುತ್ತದೆ, ನಮಗೆ ಬೇರೆ ದಾರಿಯಿಲ್ಲದ ದಿನಗಳೇ ಅವು. 2025ರಲ್ಲಿ ಶುಲ್ಕವನ್ನು ನಾನೂರು ರೂಪಾಯಿ ಏರಿಸಿದಾಗ ಹದಿನೈದು ದಿನ ಮುಂಚೆಯಷ್ಟೇ ಹೇಳಿದರು, ನಿಗದಿತ ವರಮಾನದವರಿಗೆ ಕನಿಷ್ಠ ಎರಡು ತಿಂಗಳು ಬೇಕು. ಇಂಗ್ಲಿಷ್ ಓದಿಸುವುದು ಸ್ವಲ್ಪ ಸಡಿಲ. ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಅದು ಸಾಲುವುದಿಲ್ಲ ಎಂದು ಇನ್ನೊಬ್ಬ ತಾತನ ದೂರೂ ಇದೆ, ಅದು ನ್ಯಾಯವಾದದ್ದೇ.

ತಂದೆ ತಾಯಿ ಇಬ್ಬರೂ ಐಟಿ ಕಂಪನಿಗಳಲ್ಲಿದ್ದು ರಾತ್ರಿ ಎಂಟರವರೆಗೆ ಮಗುವನ್ನು ಬಿಡಬೇಕಾದವರಿಗೆ, ಫೋನಿನಲ್ಲಿ ಕ್ಷಣಕ್ಷಣದ ಚಿತ್ರ ಬೇಕೆನ್ನುವವರಿಗೆ ಈ ಕೇಂದ್ರ ಹೊಂದುವುದಿಲ್ಲ. ಮೊಮ್ಮಗುವಿನ ಕೈ ಹಿಡಿದು ಹತ್ತು ನಿಮಿಷ ನಡೆದು ಬರುವಷ್ಟು ದೂರದಲ್ಲಿರುವ ತಾತ, ಅಜ್ಜಿಯರಿಗೆ ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಹೊಸದಾಗಿ ಸೇರಿಸಿಕೊಳ್ಳುವುದು ಮೇ ಮೂರನೆಯ ವಾರದಲ್ಲಿ. ಹೋಗುವಾಗ ಮಗುವಿನ ಆಧಾರ್, ಜನನ ಪ್ರಮಾಣಪತ್ರ, ಲಸಿಕೆಯ ಕಾರ್ಡು ಇವುಗಳ ನಕಲು ಇರಲಿ. ತಂದೆ ಅಥವಾ ತಾಯಿಯ ಸಹಿ ಸಿಗದಿದ್ದರೆ ಅದಕ್ಕಾಗಿ ಅಲೆಯಬೇಡಿ. ಮಗು ನಿಮ್ಮ ಜೊತೆಯಲ್ಲಿದೆ ಎಂದು ನೀವೇ ಬರೆದು ಸಹಿ ಮಾಡಿದ ಪತ್ರ ಅವರಿಗೆ ಸಾಕು.

ಇಲ್ಲಿ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಮಾತ್ರ ಜಾಗ. ಪುಟ್ಟಿಗೆ ಇನ್ನು ಒಂದು ವರ್ಷ ಉಳಿದಿದೆ. ಏಳನೆಯ ತರಗತಿಯವರೆಗೆ ವಿಸ್ತರಿಸಬೇಕು, ಮೆಟ್ಟಿಲಿಗೆ ಎರಡನೆಯ ಕಂಬಿ ಹಾಕಿಸಬೇಕು ಎಂದು ನಾವು ಒಂಬತ್ತು ಮಂದಿ ತಾತ, ಅಜ್ಜಿಯರು ಸಹಿ ಮಾಡಿದ ಪತ್ರವನ್ನು ಈ ತಿಂಗಳ ಮೊದಲ ಶನಿವಾರ ಕೊಟ್ಟಿದ್ದೇವೆ. ಕಂಬಿಗೆ ಒಪ್ಪಿದ್ದಾರೆ, ಬೆಸುಗೆಯವರು ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ತರಗತಿಯ ವಿಷಯದಲ್ಲಿ ಯೋಚಿಸಿ ಹೇಳುತ್ತೇವೆ ಎಂದಿದ್ದಾರೆ; ಉತ್ತರ ಬಂದ ಮೇಲೆ ಇಲ್ಲಿಯೇ ಸೇರಿಸುತ್ತೇನೆ.